ಮೊದಲ ಮೂಟೆಗೆ ಕೈಮುಗಿದವನು

ಮಾಲು ನೋಡುವ ಕಣ್ಣಿನಿಂದ ನೋಡಿದರೆ ಕರಿಸಿದ್ದಯ್ಯ ಮೊದಲ ನೋಟಕ್ಕೆ ಹೆಚ್ಚು ಬೆಲೆ ಕಟ್ಟಿಸಿಕೊಳ್ಳುವ ಮನುಷ್ಯನಲ್ಲ. ಆಳು ಸಣಕಲು, ಎಡಗಾಲು ತುಸು ಎಳೆಯುತ್ತಿತ್ತು, ಮುಂದಿನ ಹಲ್ಲೊಂದು ಯಾವತ್ತೋ ಕೆಲಸ ಬಿಟ್ಟು ಹೋಗಿತ್ತು. ಮೂಟೆ ಹೊರುವ ಹೆಗಲಲ್ಲ, ಲೆಕ್ಕ ಬರೆಯುವ ಕೈಯಲ್ಲ. ಅಂಗಿ ಮಾತ್ರ ದಿನಾ ಒಗೆದದ್ದು. ಬೆಲ್ಲದ ಮಂಡಿಯಲ್ಲಿ ಅದೂ ಒಂದು ದುಂದುವೆಚ್ಚವೇ. ಆದರೆ ಇಷ್ಟು ವರ್ಷ ಬೆಲ್ಲ ಕೊಂಡು ಮಾರಿದ ನನಗೆ ಒಂದು ಗೊತ್ತು. ಮೇಲೆ ಹೊಳೆಯುವ ಅಚ್ಚಿಗೆ ಒಳಗೆ ಏನಾದರೂ ಹಾಕಿರುತ್ತಾರೆ. ಮಂಕಾಗಿ ಕೂತಿರುವುದನ್ನು ಮುರಿದು ನೋಡಬೇಕು.

ಮುರಿದು ನೋಡಿದ್ದು ನಮ್ಮಪ್ಪ. ಮಂಡ್ಯದ ಮಾರುಕಟ್ಟೆಯಲ್ಲಿರುವ ನಮ್ಮ ಗೋಡೌನಿನ ಬಾಗಿಲಿಗೆ ಅವನನ್ನು ಎಣಿಸುವ ಕೆಲಸಕ್ಕೆ ನಿಲ್ಲಿಸಿದವರು ಅವರು. ಹಮಾಲಿಗಳು ಮೂಟೆ ಹೊತ್ತು ಲಾರಿಯ ಕಡೆ ಹೋಗುವಾಗ ಕರಿಸಿದ್ದಯ್ಯ ಒಂದೊಂದನ್ನೂ ಅಂಗೈಯಿಂದ ತಟ್ಟಿ, ಇಡೀ ಓಣಿಗೆ ಕೇಳುವ ಹಾಗೆ ಎಣಿಕೆ ಕೂಗುತ್ತಿದ್ದ. ಅವನ ಕೈ ತಾಗದೆ ನಮ್ಮ ಬಾಗಿಲು ದಾಟಿದ ಮೂಟೆ ಇಲ್ಲ.

ನಮ್ಮ ಕಡೆ ಎಣಿಸುವವರು ಒಂದು ಎಂದು ಶುರುಮಾಡುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ. ಮಿಕ್ಕವರು ಅದನ್ನು ಬಾಯಲ್ಲಿ ಹೇಳಿ ಮುಗಿಸುತ್ತಾರೆ. ಕರಿಸಿದ್ದಯ್ಯ ಮಾತ್ರ ಮೊದಲ ಮೂಟೆಯನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು, ಕೈಮುಗಿದು, ಆಮೇಲೆ ಲಾಭ ಎನ್ನುತ್ತಿದ್ದ. ಆ ಮೂಟೆ ಹೊತ್ತು ಕಾಯುವ ಪಾಳಿ ಯಾವಾಗಲೂ ಚಿಕ್ಕಮಾದುವಿನದು. ನಮ್ಮ ಹಮಾಲಿಗಳಲ್ಲಿ ಅವನ ಬೆನ್ನು ಗಟ್ಟಿ, ನಾಲಿಗೆ ಇನ್ನೂ ಗಟ್ಟಿ.

"ಬಿರ್ನೆ ಮುಗ್ಸೋ ಪೂಜೆಯ, ಬೆನ್ನು ಬುಟ್ಟೋಯ್ತದೆ."

"ದೇವ್ರಿಗೇ ಅರ್ಜೆಂಟಿಲ್ಲ, ನಿಂಗ್ಯಾಕ್ಲಾ?"

"ದೇವ್ರು ಮೂಟೆ ಒತ್ತಿಲ್ಲ ಕಣ್ಲಾ, ಅದ್ಕೆ."

ದಿನಾ ಇದೇ ಮಾತು. ಇಬ್ಬರಿಗೂ ಬೇಸರವಾಗುತ್ತಿರಲಿಲ್ಲ.

ಅವನ ಊರು ಮದ್ದೂರಿನ ಪಕ್ಕದ ವೈದ್ಯನಾಥಪುರ. ಅಲ್ಲಿ ಅಣ್ಣತಮ್ಮಂದಿರು ಪಾಲಾದರೆ ತೆಂಗಿನಕಾಯಿ ಎಣಿಸಲು ಕರಿಸಿದ್ದಯ್ಯನೇ ಬರಬೇಕು. ಮಾರುಕಟ್ಟೆಯಲ್ಲಿ ಬೇರೆ ಮಂಡಿಯವರ ಲೋಡು ತಕರಾರಾದರೂ "ಕರಿಸಿದ್ದಯ್ಯನ್ನ ಕರೀರಿ" ಎನ್ನುತ್ತಿದ್ದರು. ಅವನು ಎಣಿಸಿದ ಮೇಲೆ ಜಗಳ ನಿಲ್ಲುತ್ತಿತ್ತು. ಜಗಳವಾಡುವವರಿಗೆ ಅವನ ಮೇಲೆ ಪ್ರೀತಿ ಎಂದಲ್ಲ, ಮತ್ತೊಮ್ಮೆ ಎಣಿಸಿದರೂ ಅಷ್ಟೇ ಬರುತ್ತದೆ ಎಂದು ಗೊತ್ತಿತ್ತು. ಹೊಲ ಅವನಿಗೆ ಅಂಥದ್ದೇನಿರಲಿಲ್ಲ. ಈ ಹೆಸರೇ ಅವನ ಆಸ್ತಿ.

ಮೊನ್ನೆ ಮೊನ್ನೆ ಎನ್ನುವಂತೆ, ಒಂದು ಗೌರಿ ಹಬ್ಬ ಕಳೆದ ಮೇಲೆ, ನನ್ನ ತಮ್ಮನ ಮಗ ಸ್ವರೂಪ್ ಮಂಡಿಗೆ ಒಂದು ಯಂತ್ರ ತಂದ. ವ್ಯಾಪಾರ ಹೇಗೆ ಮಾಡಬೇಕೆಂದು ಓದಿ ಬಂದ ಹುಡುಗ. ಮಾಡಿಯೇ ಕಲಿತ ನಮ್ಮನ್ನು ಕಂಡರೆ ಅವನಿಗೆ ಕನಿಕರ. ಪ್ರತಿ ಮೂಟೆಗೂ ಕಪ್ಪು ಗೀಟುಗಳ ಚೀಟಿ ಅಂಟಿಸುವುದು. ಕೈಯಲ್ಲಿ ಹಿಡಿಯುವ ಯಂತ್ರದಿಂದ ಆ ಚೀಟಿಗೆ ಕೆಂಪು ಬೆಳಕು ತೋರಿಸಿದರೆ ಟಿಂ ಎನ್ನುತ್ತದೆ, ಒಂದು ಮೂಟೆ ಲೆಕ್ಕಕ್ಕೆ ಬಂತು. ಲಾರಿಗೆ ಬೇಕಾದಷ್ಟು ಆದ ಕೂಡಲೇ ಉದ್ದಕ್ಕೆ ಕೂಗುತ್ತದೆ, ಲೋಡು ನಿಲ್ಲಿಸಬೇಕು. ಅಷ್ಟೇ.

ನಾನು ಒಳಗೊಳಗೇ ಒಂದು ಅಂದಾಜು ಹಾಕಿದ್ದೆ. ನಮ್ಮ ಗುಮಾಸ್ತ ಜಯಪ್ರಕಾಶ್, ಭಾರತೀನಗರದ ಕಾಲೇಜಿನಲ್ಲಿ ಬಿ.ಕಾಂ ಮಾಡಿದವನು, ಎರಡು ಫೋನಿನವನು, ಇದನ್ನು ಅಪ್ಪಿಕೊಳ್ಳುತ್ತಾನೆ. ಕರಿಸಿದ್ದಯ್ಯ ಮುಖ ತಿರುಗಿಸುತ್ತಾನೆ. ಬೆಲ್ಲದ ಧಾರಣೆ ಹೇಳುವುದರಲ್ಲಿ ನಾನು ಇಷ್ಟು ಕೆಟ್ಟದಾಗಿ ಎಡವಿದ್ದರೆ ಯಾವತ್ತೋ ಬಾಗಿಲು ಮುಚ್ಚುತ್ತಿದ್ದೆ.

ಜಯಪ್ರಕಾಶ್ ಅದನ್ನು ಸೊಸೆ ನಾದಿನಿಯನ್ನು ನೋಡುವ ಹಾಗೆ ನೋಡಿದ. "ಇವತ್ತು ಮೂಟೆ ಎಣಿಸ್ತದೆ, ನಾಳೆ ಬಿಲ್ ಬರೀತದೆ, ನಾಳಿದ್ದು ನನ್ ಕುರ್ಚಿ ಮೇಲೆ ಕಾಲ್ ಮೇಲೆ ಕಾಲ್ ಹಾಕ್ಕೊಂಡು ಕೂರ್ತದೆ" ಎಂದ. ಒಳಗೆ ಮೂಟೆ ಬರುವ ಹೊತ್ತು ಯಂತ್ರವನ್ನು ಅವನ ಕೈಗೆ ಕೊಡುತ್ತಿದ್ದೆವು. ಹೇಳಿದಂತೆ ಬೆಳಕು ತೋರಿಸುತ್ತಿದ್ದ, ಜೊತೆಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟೂ ಎಳೆಯುತ್ತಿದ್ದ. ಅನುಮಾನದವನು ಎರಡು ಸಲ ಎಣಿಸುತ್ತಾನೆ. ಆಗ ಅದು ನನಗೆ ಮೊಂಡುತನದ ಒಂದು ಜಾತಿಯಂತೆ ಕಂಡಿತ್ತು.

ಹೊರಗೆ ಹೋಗುವ ಮೂಟೆ ಕರಿಸಿದ್ದಯ್ಯನದು. ಅವನು ಯಂತ್ರಕ್ಕೆ ಕುಂಕುಮ ಇಟ್ಟ, ಧೂಳು ಬೀಳದಿರಲಿ ಎಂದು ಒಗೆದ ಟವೆಲ್ಲಿನಲ್ಲಿ ಸುತ್ತಿದ. ಮಧ್ಯಾಹ್ನ ಬುತ್ತಿ ಬಿಚ್ಚುವಾಗಲೂ ಪಕ್ಕದಲ್ಲೇ ಇಟ್ಟುಕೊಂಡು ಸ್ವರೂಪನನ್ನು ಕೇಳುತ್ತಿದ್ದ.

"ಇದ್ಕೆ ಅಸಿವಾದ್ರೆ ಎಂಗೆ ಗೊತ್ತಾಯ್ತದಪ್ಪ?"

"ಚಾರ್ಜ್ ಕಮ್ಮಿಯಾದ್ರೆ ಇಲ್ಲಿ ಕೆಂಪು ದೀಪ ಬರುತ್ತೆ ತಾತ."

"ಎಣ್ಸೋದು ತಪ್ಪೋದುಂಟಾ?"

"ಮನುಷ್ಯ ತಪ್ಪಬಹುದು, ಅದು ತಪ್ಪಲ್ಲ."

ಸ್ವರೂಪ್ ಇದನ್ನು ಮೊಸರನ್ನ ತಿನ್ನುತ್ತಾ ಹೇಳಿ ಮರೆತ. ಕರಿಸಿದ್ದಯ್ಯ ಮರೆಯಲಿಲ್ಲ.

ಮಾರನೆಯ ದಿನದಿಂದ ಅವನು ಕೂಗುವುದನ್ನೇ ನಿಲ್ಲಿಸಿದ. ಗೋಡೌನಿನ ಬಾಗಿಲಲ್ಲಿ ಟಿಂ, ಟಿಂ ಎನ್ನುವುದು ಬಿಟ್ಟರೆ ಸದ್ದಿಲ್ಲ. ಯಾಕೆ ಎಂದು ಕೇಳಿದೆ.

"ಎಣ್ಸೋಕೆ ಅದೈತಲ್ಲ ಸಾವ್ಕಾರ್ರೆ. ಒಂದು ಬಾಗ್ಲಲ್ಲಿ ಎರಡು ಬಾಯಿ ಎಣ್ಸುದ್ರೆ ಅದ್ಕೆ ಗಲಿಬಿಲಿಯಾಗಲ್ವಾ? ಒಸದಾಗಿ ಬಂದದೆ, ವಸಿ ಜಾಗ ಬುಡ್ಬೇಕು."

"ಮನ್ಸಲ್ಲಾದರೂ ಎಣಿಸ್ತಾ ಇರು."

"ನಂಬುದ್ರೆ ಪೂರ್ತಿ ನಂಬ್ಬೇಕು. ಅರ್ಧ ನಂಬೋದು ಅಂದ್ರೆ ಅನುಮಾನವೇ ಅಲ್ವಾ?"

ಚಿಕ್ಕಮಾದು ಮೂಟೆಯ ಕೆಳಗಿಂದಲೇ, "ಇವ್ನ ಬಾಯಿ ನಿಂತ ಮ್ಯಾಕೆ ಮಂಡಿ ಸಾವಿನ ಮನೆ ಇದ್ದಂಗೈತೆ, ವಸಿ ರೇಡಿಯೋನಾದ್ರೂ ಮಡಗಿ" ಎಂದ.

ಬಾಯಿ ನಿಂತರೂ ಕೈಮುಗಿಯುವುದು ನಿಲ್ಲಲಿಲ್ಲ. ಮೊದಲ ಮೂಟೆ ಬಂದ ಕೂಡಲೇ ಅವನು ಯಂತ್ರವನ್ನು ಬೆಂಚಿನ ಮೇಲೆ ಮಡಿಸಿದ ಟವೆಲ್ಲಿನ ಮೇಲಿಡುತ್ತಿದ್ದ. ಎರಡೂ ಕೈ ಬೇಕಲ್ಲ. ಮೂಟೆ ಮುಟ್ಟಿ, ಕಣ್ಣಿಗೊತ್ತಿಕೊಂಡು, ಕೈಮುಗಿದು, ತುಟಿಯಲ್ಲೇ ಲಾಭ ಎಂದು ಕಳುಹಿಸುತ್ತಿದ್ದ. ಆಮೇಲೆ ಯಂತ್ರ ಎತ್ತಿಕೊಂಡು ಎರಡನೆಯ ಮೂಟೆಗೆ ಬೆಳಕು ತೋರಿಸುತ್ತಿದ್ದ. ಯಂತ್ರ ಅದನ್ನೇ ಒಂದು ಎಂದುಕೊಳ್ಳುತ್ತಿತ್ತು. ಅದು ಉದ್ದಕ್ಕೆ ಕೂಗುವ ಹೊತ್ತಿಗೆ ಲಾರಿಯಲ್ಲಿ ಒಂದು ಮೂಟೆ ಹೆಚ್ಚು ಕೂತಿರುತ್ತಿತ್ತು.

ಈಗ ಬರೆಯುವುದಕ್ಕೆ ಎಷ್ಟು ಸಲೀಸು. ಆಗ ನಾನು ಗಲ್ಲಾದ ಮೇಲೆ ಕೂತು ದಿನಾ ನೋಡುತ್ತಿದ್ದೆ. ಸ್ವರೂಪ್ ನೋಡುತ್ತಿದ್ದ, ಹಮಾಲಿಗಳು ನೋಡುತ್ತಿದ್ದರು. ಆ ಕೈಮುಗಿಯುವುದನ್ನು ನೋಡಿ ನೋಡಿ ನಮ್ಮ ಕಣ್ಣಿಗೆ ಅದು ಗೋಡೆಯ ಮೇಲಿನ ಕ್ಯಾಲೆಂಡರಿನ ದೇವರಂತೆ ಆಗಿಹೋಗಿತ್ತು. ಇನ್ನು ಕರಿಸಿದ್ದಯ್ಯನ ತಲೆಯಲ್ಲಿ ಲಾಭ ಎಂದರೆ ಒಂದು ಬಂದ ಹಾಗೇ. ಅಷ್ಟು ಹತ್ತಿರ ಬೆಂಚಿನ ಮೇಲೆ ಕೂತ ಯಂತ್ರ ತನ್ನ ಹಾಗೆಯೇ ಅದನ್ನೂ ನೋಡಿರುತ್ತದೆ ಎಂದುಕೊಂಡಿದ್ದ.

ಹೆಚ್ಚಿಗೆ ಹೋದ ಮೂಟೆಯ ಸುದ್ದಿ ಅತ್ತ ಕಡೆಯಿಂದಲೂ ಬರಲಿಲ್ಲ. ಲಾರಿ ಡ್ರೈವರಿಗೆ ಲೋಡಾಗುವ ಹೊತ್ತು ನಿದ್ದೆಯ ಹೊತ್ತು. ಕೊಂಡವರೋ, ಒಂದು ಮೂಟೆ ಕಡಿಮೆ ಬಂದರೆ ಊಟದ ಎಲೆ ಬಿಟ್ಟೆದ್ದು ಫೋನ್ ಮಾಡುತ್ತಾರೆ. ಹೆಚ್ಚು ಬಂದಿದೆ ಎಂದು ಫೋನ್ ಮಾಡುವ ವ್ಯಾಪಾರಿಯನ್ನು ನಾನಿನ್ನೂ ಕಂಡಿಲ್ಲ. ನಾನೂ ಆ ಜಾತಿಯವನಲ್ಲ.

ಸಂಕ್ರಾಂತಿಗೆ ಮುಂಚೆ ಗೋಡೌನಿನ ದಾಸ್ತಾನು ನೋಡುವುದು ನಮ್ಮ ಪದ್ಧತಿ. ನೋಡಿದರೆ ಸ್ವರೂಪನ ಕಂಪ್ಯೂಟರಿನ ಪರದೆಯ ಮೇಲೆ ಇರುವ ಮೂಟೆಗಳು ನೆಲದ ಮೇಲೆ ಇಲ್ಲ. ಎಲ್ಲರನ್ನೂ ಬಾಗಿಲ ಬಳಿ ಸೇರಿಸಿದೆ. ಸ್ವರೂಪ್ ಹಮಾಲಿಗಳ ಕಡೆ ನೋಡಿದ. ಆ ನೋಟಕ್ಕೆ ಚಿಕ್ಕಮಾದುವಿನ ಮುಖ ಗಂಟಿಕ್ಕಿತು.

"ಏನಪ್ಪಾ, ನಮ್ಮನ್ನೇ ನೋಡ್ತಾ ಇದ್ದೀಯಲ್ಲ? ಬೆಲ್ಲದ ಮೂಟೇನ ಚಡ್ಡಿ ಜೇಬಲ್ಲಿ ಮಡಿಕ್ಕೊಂಡು ಓಗಕಾಯ್ತದಾ?"

ಆಗ ಕರಿಸಿದ್ದಯ್ಯ ಮುಂದೆ ಬಂದ. ದನಿ ಏರಿಸಲಿಲ್ಲ. "ಇವ್ರು ಯಾರೂ ತಗಂಡಿಲ್ಲ ಸಾವ್ಕಾರ್ರೆ. ಮಿಸಿನ್ನೂ ತಪ್ಪಿಲ್ಲ, ಅದು ತಪ್ಪಲ್ಲ ಅಂತ ಹುಡ್ಗ ಅವತ್ತೇ ಯೋಳವ್ನೆ. ಉಳ್ದೋನು ನಾನು. ಎಲ್ಲೋ ನನ್ ಕಣ್ಣು ಜಾರೈತೆ. ಬೆಳಕು ಬುಡ್ದೆ ಮೂಟೆ ಬುಟ್ಟಿದ್ದೀನಿ."

ಜಯಪ್ರಕಾಶನಿಗೆ ರೇಗಿಹೋಯಿತು. "ಸುಮ್ಕಿರಣ್ಣ. ನಿನ್ ಕಣ್ಣು ಜಾರುದ್ರೆ ನನ್ ಬಿ.ಕಾಮೇ ಸುಳ್ಳು. ಆ ಡಬ್ಬ ಕೆಟ್ಟದೆ, ಬಂದ ದಾರೀಲೇ ಕಳ್ಸಿ."

"ನೀನು ಮೊದ್ಲಿಂದ್ಲೂ ಅದ್ಕೆ ಆಗ್ದೋನು ಕಣಪ್ಪ. ಅದ್ರ ಸುದ್ದೀಲಿ ನಿನ್ ಮಾತು ಕೇಳಂಗಿಲ್ಲ."

ಅದೂ ನಿಜವೇ. ಯಂತ್ರವನ್ನು ಬಂದ ದಿನದಿಂದ ಬಯ್ಯುತ್ತಿದ್ದವನ ಸಾಕ್ಷಿಗೆ ಏನು ಬೆಲೆ? ಎಷ್ಟು ಲಾರಿ ಹೋಗಿದೆ, ಎಷ್ಟು ಮೂಟೆ ಕಡಿಮೆ ಇದೆ ಎಂದು ಪಕ್ಕಪಕ್ಕ ಇಟ್ಟು ನೋಡಿದ್ದರೆ ಅಲ್ಲೇ ತಿಳಿಯುತ್ತಿತ್ತು. ಯಾರೂ ಇಡಲಿಲ್ಲ. ಒಬ್ಬ ತಪ್ಪು ಒಪ್ಪಿಕೊಂಡ ಮೇಲೆ ಲೆಕ್ಕವನ್ನು ಮತ್ತೆ ಯಾರು ಕೂಡುತ್ತಾರೆ? ಹಮಾಲಿಗಳ ಮೇಲಿದ್ದ ಅನುಮಾನ ಇಳಿದಿತ್ತು, ಸ್ವರೂಪನ ಯಂತ್ರದ ಮಾನ ಉಳಿದಿತ್ತು. ಎಲ್ಲರಿಗೂ ಅನುಕೂಲವಾದ ತಪ್ಪು ಅದು.

ಯಂತ್ರವನ್ನು ಅವನೇ ಟವೆಲ್ಲಿನ ಸಮೇತ ಜಯಪ್ರಕಾಶನ ಕೈಗೆ ಕೊಟ್ಟ. ಜಯಪ್ರಕಾಶನಿಗೆ ಮೂಟೆಗೆ ಕೈಮುಗಿಯುವ ಅಭ್ಯಾಸವಿಲ್ಲ. ಮೊದಲ ಮೂಟೆಯಿಂದಲೇ ಗೊಣಗುತ್ತಾ ಬೆಳಕು ತೋರಿಸಿದ. ಮುಂದಿನ ದಾಸ್ತಾನು ಸರಿಯಾಗಿ ಕೂತಿತು. ಮಾರುಕಟ್ಟೆಗೆ ಇನ್ನೇನು ಸಾಕ್ಷಿ ಬೇಕು? ಕರಿಸಿದ್ದಯ್ಯನ ಕಣ್ಣು ಹೋಯಿತಂತೆ, ಪಾಪ, ವಯಸ್ಸಾಯಿತು ಎಂದು ಓಣಿ ಮಾತಾಡಿಕೊಂಡಿತು. ಆ ಪಾಪ ಎನ್ನುವ ಮಾತಿಗಿಂತ ಅವನನ್ನು ಕಳ್ಳ ಎಂದಿದ್ದರೆ ವಾಸಿಯಿತ್ತು. ಜಗಳವಾದರೂ ಆಡುತ್ತಿದ್ದ.

"ನೋಡುದ್ರಾ ಸಾವ್ಕಾರ್ರೆ, ನನ್ ಕೈ ಬುಟ್ಟೇಟ್ಗೆ ಸರಿಯೋಯ್ತು" ಎಂದು ನನ್ನೆದುರು ಬಂದು ನಕ್ಕ. ನಗುವಾಗ ಹಲ್ಲಿಲ್ಲದ ಜಾಗಕ್ಕೆ ಕೈ ಅಡ್ಡ ಇಡುವುದು ಅವನ ರೂಢಿ, ಅವತ್ತು ಇಡಲಿಲ್ಲ.

ಬೆಂಚಿನ ಮೇಲೆ ಕೂತಿರು, ನಿನ್ನ ಸಂಬಳ ಎಲ್ಲೂ ಹೋಗುವುದಿಲ್ಲ ಎಂದೆ. ಕೆಲವು ದಿನ ಬಂದು ಕೂತ. ಬೇರೆ ಮಂಡಿಯವರು ತಕರಾರಿಗೆ ಕರೆಯುವುದನ್ನು ಬಿಟ್ಟಿದ್ದರು. ಎದುರು ಮೂಟೆಗಳು ಹೋಗುವಾಗ ಅವನು ಕಣ್ಣನ್ನು ನೆಲಕ್ಕೆ ಹಾಕಿ ಕೂರುತ್ತಿದ್ದ, ಎಲ್ಲಿ ತನ್ನಷ್ಟಕ್ಕೆ ತಾನೇ ಎಣಿಸಿಬಿಡುತ್ತೇನೋ ಎಂದು ಹೆದರಿದವನ ಹಾಗೆ. ಆಮೇಲೆ ಮದ್ದೂರಿನಿಂದ ಬರುವ ಬೆಳಗಿನ ರೈಲಿನಲ್ಲಿ ಬರುವುದನ್ನು ನಿಲ್ಲಿಸಿದ.

ಬೇಸಿಗೆಯಲ್ಲಿ ಮದ್ದೂರಿಗೆ ಹೋದವನು ವೈದ್ಯನಾಥಪುರಕ್ಕೂ ಹೋದೆ. ಜಗಲಿಯ ಮೇಲೆ ಕೂತಿದ್ದ. ಒಗೆದ ಅಂಗಿಯೇ, ಆದರೆ ಗುಂಡಿ ಮೇಲೆ ಕೆಳಗಾಗಿತ್ತು. ನಾನು ಹೋದಾಗಲೇ ಪಕ್ಕದ ಬೀದಿಯ ಅಣ್ಣತಮ್ಮಂದಿರು ಕಾಯಿ ಪಾಲು ಮಾಡಿಕೊಡು ಎಂದು ಕರೆಯಲು ಬಂದಿದ್ದರು.

"ಬ್ಯಾರೆ ಯಾರ್ನಾರ ಕರ್ಕೊಳ್ರಪ್ಪ. ನಂದು ಈಗ ನೆಟ್ಗಿಲ್ಲ."

"ನೀನು ಎಷ್ಟಂದ್ರೆ ಅಷ್ಟೇ ಕಣಣ್ಣ, ನಾವು ಕೇಳಲ್ಲ."

"ಅದ್ಕೇ ಬ್ಯಾಡ ಅನ್ನೋದು."

ಅವರು ಹೋದರು. ಅವನ ಹೆಂಡತಿ ಕಾಮಾಕ್ಷಮ್ಮ ಮಜ್ಜಿಗೆ ತಂದುಕೊಟ್ಟು ಅಲ್ಲೇ ಬಾಗಿಲಿಗೊರಗಿ ನಿಂತರು. "ನೀವಾರ ಯೋಳಿ ಸಾವ್ಕಾರ್ರೆ. ಸಂಜೆ ಕೋಳಿ ಮುಚ್ಚುವಾಗ ಎಷ್ಟವೆ ನೋಡಮ್ಮಿ ಅಂತ ನನ್ನ ಕೂಗ್ತಾರೆ. ಬಿಪಿ ಮಾತ್ರೆ ನುಂಗುದ್ನಾ ನುಂಗ್ನಿಲ್ವಾ ಅಂತ ನನ್ನೇ ಕೇಳ್ತಾರೆ. ಮಗಳು ಅನು ಮಂಡ್ಯದ ಡಾಕ್ಟ್ರತ್ರ ತೋರ್ಸುದ್ಲು. ತಲೇಲಿ ಏನೂ ಇಲ್ಲ, ಚೆನ್ನಾಗವ್ರೆ ಅಂದ್ರು."

"ಡಾಕ್ಟ್ರು ನನ್ನ ಒಂದ್ಗಳಿಗೆ ನೋಡವ್ರೆ ಕಣಮ್ಮಿ" ಎಂದ ಕರಿಸಿದ್ದಯ್ಯ. "ಮಿಸಿನ್ನು ಗೌರಿ ಅಬ್ಬದಿಂದ ಸಂಕ್ರಾಂತಿ ಗಂಟ ನೋಡೈತೆ."

ಮಾತಿನಿಂದಲೇ ಬದುಕುವ ನಾನು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟೆ.

ಏಳುವಾಗ ಅವನೇ ಕೇಳಿದ, "ಅದು ಚೆನ್ನಾಗೈತಾ? ಮಳೆಗಾಲ ಬತ್ತದೆ, ಥಂಡಿ ಇಲ್ದಿರೋ ಕಡೆ ಮಡಗೋಕೆ ಯೋಳಿ ಜಯಪ್ರಕಾಸನ್ಗೆ. ಅವ್ನಿಗೆ ಅದ್ರ ಮ್ಯಾಲೆ ಅಂತಃಕರಣ ಇಲ್ಲ."

ಆಷಾಢದಲ್ಲಿ ಕರಿಸಿದ್ದಯ್ಯ ಹೋದ. ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಮಣ್ಣಿಗೆ ಮಂಡಿಯವರೆಲ್ಲ ಹೋಗಿದ್ದೆವು. ಎಲ್ಲರಿಗಿಂತ ಹೆಚ್ಚು ಅತ್ತವನು ಜಯಪ್ರಕಾಶ್. "ನಿನ್ ಕಣ್ಣು ಸರಿಯೈತೆ ಅಂತ ನಾನೊಬ್ನೇ ಯೋಳ್ದೆ ಕಣಣ್ಣ. ನಾನು ಯೋಳಿದ್ದಕ್ಕೇ ನೀನು ನಂಬ್ನಿಲ್ಲ" ಎಂದು ಹೆಣದ ಪಕ್ಕ ಕೂತು ಜಗಳವಾಡುವವನಂತೆ ಹೇಳುತ್ತಿದ್ದ.

ದೀಪಾವಳಿ ಕಳೆದು ಮಳವಳ್ಳಿಯಲ್ಲಿ ಒಂದು ಮದುವೆ. ಊಟಕ್ಕೆ ಕೂತಾಗ ಪಕ್ಕದ ಎಲೆ ಅರಸೀಕೆರೆ ಕಡೆಯ ನಮ್ಮ ಹಳೆಯ ಗಿರಾಕಿಯದು. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ನನ್ನನ್ನು ಕೆಣಕಿದರು.

"ಏನು ಯಜಮಾನ್ರೇ, ಈಚೆಗೆ ಕೈ ಬಿಗಿ ಮಾಡ್ಬಿಟ್ರಿ?"

"ಯಾವಾಗ ಸಡಿಲ ಇತ್ತು?"

"ಇತ್ತಲ್ಲ. ಮಷೀನ್ ತಂದ ಹೊಸದ್ರಲ್ಲಿ ಲೋಡಿಗೆ ಒಂದೊಂದು ಮೂಟೆ ಕೊಸರು ಹಾಕಿ ಕಳಿಸ್ತಿದ್ರಿ. ಸಂಕ್ರಾಂತಿ ಆಗಿದ್ದೇ ನಿಲ್ಲಿಸಿಬಿಟ್ರಿ. ಗಿರಾಕಿ ಹಿಡಿಯೋವರೆಗೆ ಮಾತ್ರವಾ ಕೊಸರು?"

ಕೊಂಡವನ ಮನಸ್ಸಿಗೆ ತೃಪ್ತಿಯಾಗಲಿ ಎಂದು ಅಳತೆಯ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುವುದು ಕೊಸರು. ಮೂಟೆಗಟ್ಟಲೆ ಕೊಸರು ಹಾಕಲು ನಾನೇನು ಧರ್ಮಛತ್ರ ಇಟ್ಟಿಲ್ಲ. "ತಪ್ಪದೆ ಲೋಡಿಗೊಂದಾ?" ಎಂದು ಕೇಳಿದೆ. "ಒಂದು ಸಲಾನೂ ತಪ್ಪಿಸಲಿಲ್ಲ" ಎಂದರು. ಕಣ್ಣು ಜಾರಿದವನು ಒಮ್ಮೆ ಜಾರುತ್ತಾನೆ, ಒಮ್ಮೆ ನಾಲ್ಕು ಸಲ ಜಾರುತ್ತಾನೆ, ಒಮ್ಮೆ ಜಾರುವುದೇ ಇಲ್ಲ. ಪ್ರತಿ ಲೋಡಿನಲ್ಲೂ ಒಂದೇ ಒಂದು ಸಲ ಯಾರ ಕಣ್ಣೂ ಜಾರುವುದಿಲ್ಲ.

ಮಾರನೆಯ ಬೆಳಿಗ್ಗೆ ಗೋಡೌನಿನ ಬಾಗಿಲಿಗೆ ಹೋಗಿ ಚಿಕ್ಕಮಾದುವನ್ನು ಕರೆದೆ. "ಕರಿಸಿದ್ದಯ್ಯ ಯಂತ್ರ ಹಿಡಿದು ಲೋಡು ಹೇಗೆ ಮಾಡುತ್ತಿದ್ದ, ಮೊದಲಿನಿಂದ ಮಾಡಿ ತೋರಿಸು" ಎಂದೆ.

"ಎಂಗೆ ಅಂದ್ರೆ? ನಾನು ಮೂಟೆ ತಂದು ಇಲ್ಲಿ ನಿಲ್ತಿದ್ದೆ. ಅವ್ನು ಇಲ್ಲಿ. ಆ ಡಬ್ಬಾನ ಈ ಬೆಂಚ್ ಮ್ಯಾಲೆ ಮಡಗೋನು." ಇಲ್ಲದ ಯಂತ್ರವನ್ನು ಬೆಂಚಿನ ಮೇಲೆ ಇಟ್ಟ. ಇಲ್ಲದ ಮೂಟೆಯನ್ನು ಮುಟ್ಟಿ ಎರಡೂ ಕೈ ಕಣ್ಣಿಗೊತ್ತಿಕೊಂಡ. ಕೈ ಜೋಡಿಸಿದ. "ಆಮ್ಯಾಲೆ ಓಗು ಅನ್ನೋನು, ನಾನು ಓಯ್ತಿದ್ದೆ. ಆಮ್ಯಾಲೆ ಡಬ್ಬ ತಗಂಡು..."

ಅಲ್ಲಿಗೆ ಅವನ ಕೈ ಗಾಳಿಯಲ್ಲೇ ನಿಂತಿತು. ಬೆಂಚಿನ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ಮೂಟೆಯ ರಾಶಿಯ ಮೇಲೆ ಕೂತ.

"ನನ್ ಬೆನ್ ಮ್ಯಾಲಿನ ಮೂಟೆಗೆ ಅವ್ನು ಬೆಳಕೇ ಬುಡ್ತಿರ್ಲಿಲ್ವಲ್ಲ ಸಾವ್ಕಾರ್ರೆ. ದಿನಾ ನಾನೇ ಒತ್ತಿದ್ದು."

ಜಯಪ್ರಕಾಶ್ ಒಳಗೆ ಕೇಳಿಸಿಕೊಳ್ಳುತ್ತಿದ್ದ. ಸ್ವರೂಪನಿಗೆ ಫೋನಿನಲ್ಲಿ ಹೇಳಿದೆ. "ನಾನು ಅವತ್ತು ಅದು ತಪ್ಪಲ್ಲ ಅಂದೆ ದೊಡ್ಡಪ್ಪ. ತೋರಿಸಿದ್ದನ್ನು ಮಾತ್ರ ಎಣಿಸುತ್ತೆ ಅನ್ನಬೇಕಿತ್ತು" ಎಂದ.

ಅವತ್ತೇ ವೈದ್ಯನಾಥಪುರಕ್ಕೆ ಹೋದೆ. ಕಾಮಾಕ್ಷಮ್ಮ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಎದುರಿನ ಕಲ್ಲಿನ ಮೇಲೆ ಕೂತು, ಮೊದಲ ಮೂಟೆ, ಬೆಂಚು, ಯಂತ್ರ, ಅರಸೀಕೆರೆಯವರ ಮಾತು, ಎಲ್ಲ ಹೇಳಿದೆ. ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸದೆ ಕೇಳಿದರು. ಕೊನೆಗೆ ಒಂದೇ ಮಾತು ಕೇಳಿದರು.

"ಅಂಗಾರೆ ಅವ್ರ ತಲೆ ನೆಟ್ಗಿತ್ತಾ?"

"ನೆಟ್ಟಗಿತ್ತು ಕಣವ್ವ. ಕೊನೆವರೆಗೂ ನೆಟ್ಟಗಿತ್ತು."

ಅವರ ಕೈ ಆಗ ನಿಂತಿತು. "ನಂಗೂ ಯಾವತ್ತೂ ಏನೂ ವ್ಯತ್ಯಾಸ ಕಾಣ್ನಿಲ್ಲ. ಆದ್ರೂ ಅವ್ರು ದಿನಾ ಅಂತಿದ್ರಲ್ಲ, ಕೇಳಿ ಕೇಳಿ ನಾನೂ ನಂಬ್ದೆ ಸಾವ್ಕಾರ್ರೆ. ಮಾತ್ರೆ ನುಂಗ್ದೆ ಅಂದ್ರೆ, ನಿಮ್ಗೆಲ್ಲಿ ಗ್ಯಾನ ಸುಮ್ಕಿರಿ, ಅನ್ನೋಳು. ಸುಮ್ಕಾಗೋರು."

ಸೆರಗಿನಿಂದ ಮುಖ ಒರೆಸಿಕೊಂಡು, ಮೊರದಲ್ಲಿದ್ದ ಅವರೆಕಾಳನ್ನು ಒಂದು ಚೀಲಕ್ಕೆ ಸುರಿದು ನನ್ನ ಮುಂದೆ ಇಟ್ಟರು. ಚೀಲ ಹಿಡಿದು ಎದ್ದೆ.

ಮಾರುಕಟ್ಟೆಯಲ್ಲಿ ಕರಿಸಿದ್ದಯ್ಯನ ಮಾತು ಬಂದಾಗ ಪಾಪ ಎಂದವರಿಗೆಲ್ಲ ನಡೆದದ್ದನ್ನು ಬಿಡಿಸಿ ಹೇಳುತ್ತಿದ್ದೇನೆ. ಕೆಲವರು ಲೊಚಗುಟ್ಟುತ್ತಾರೆ, ಕೆಲವರು ನನ್ನ ಹೆಚ್ಚುವರಿ ಮೂಟೆಗಳ ನಷ್ಟಕ್ಕೆ ಮರುಗುತ್ತಾರೆ. ಮರುಗಲಿ, ವ್ಯಾಪಾರಿಗಳು. ಕರಿಸಿದ್ದಯ್ಯನಿಗೆ ನಾನು ಕೊಡಬೇಕಾಗಿದ್ದು ಒಂದು ಮಾತು. ನಿನ್ನ ತಲೆ ಕೆಟ್ಟಿಲ್ಲ, ನಿನ್ನ ಎಣಿಕೆ ತಪ್ಪಿಲ್ಲ ಎಂದು ಆ ಜಗಲಿಯ ಮೇಲೆ ಅವನ ಪಕ್ಕ ಕೂತು ಹೇಳಬೇಕಾಗಿತ್ತು. ಹೇಳಲಿಲ್ಲ. ಅದು ಬಾಕಿ ಇದೆ.